ಖುರ್ಷಿದ ಖಾಲಾ ಹೇಳಿದ ಛುಟ್ಟಿ

ನಮ್ಮ ದವಾಖಾನೆಯಲ್ಲಿ ಡಾಕ್ಟರು ಬರೆದರೆ ಅರ್ಧ ಬಿಡುಗಡೆ, ಸಿಸ್ಟರು ಕಾರ್ಡು ಕೈಗೆ ಕೊಟ್ಟರೆ ಮುಕ್ಕಾಲು. ಪೂರ್ತಿ ಬಿಡುಗಡೆ ಆಗಬೇಕಾದರೆ ಆಯಾ ಖುರ್ಷಿದ ಖಾಲಾ ಮಂಚದ ಕಾಲ ಕಡೆ ನಿಂತು, ಸೊಂಟದ ಮೇಲೆ ಕೈ ಇಟ್ಟು, "ಛುಟ್ಟಿ ಆತ ಬೇ, ಏಳ್" ಅನ್ನಬೇಕಿತ್ತು. ಅಲ್ಲಿಯವರೆಗೆ ಯಾವ ಬಾಣಂತಿಯೂ ಕದಲುತ್ತಿರಲಿಲ್ಲ. ಆಕೆಯ ಜೊತೆ ಬಂದ ತಾಯಿ, ಅತ್ತೆ, ಮಂಚದ ಕೆಳಗಿನ ರೊಟ್ಟಿ ಗಂಟು, ಯಾವುದೂ ಕದಲುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ನಡೆದು ಬಂದ ಪದ್ಧತಿ. ಯಾರು ಹಾಕಿಕೊಟ್ಟರೋ ಗೊತ್ತಿಲ್ಲ.

ನಾನು ಗುರುನಾಥ, ಅಲ್ಲಿಯ ಗುಮಾಸ್ತ. ಆಳಂದದಿಂದ ದಿನಾ ಬೈಕಿನ ಮೇಲೆ ಬಂದು ಹೋಗಿ ಸೊಂಟ ಕಳೆದುಕೊಂಡವನು. ದವಾಖಾನೆಯ ಹೆಸರು ಬೇಡ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಜನ ಬಂದು ಮಲಗುವ ಮೂವತ್ತು ಹಾಸಿಗೆಯ ಒಂದು ಸರಕಾರಿ ದವಾಖಾನೆ ಅಂತ ತಿಳಿದರೆ ಸಾಕು. ಮೂವತ್ತು ಅನ್ನುವುದು ಬೋರ್ಡಿನ ಮಾತು. ಮನುಷ್ಯರು ಮಲಗಬಹುದಾದವು ಇಪ್ಪತ್ತಮೂರು. ಉಳಿದವುಗಳಲ್ಲಿ ಎರಡಕ್ಕೆ ಕಾಲಿಲ್ಲ, ಒಂದರ ಮೇಲೆ ಹಳೆಯ ರಿಜಿಸ್ಟರುಗಳು ಆರಾಮಾಗಿ ಮಲಗಿವೆ, ಇನ್ನು ನಾಲ್ಕು ಎಲ್ಲಿವೆ ಅಂತ ನನಗೂ ಗೊತ್ತಿಲ್ಲ. ಪ್ರತಿ ತಿಂಗಳು ಅವನ್ನೂ ಸೇರಿಸಿಯೇ ಮೇಲಿನ ಕಚೇರಿಗೆ ವರದಿ ಕಳಿಸುತ್ತೇನೆ.

ಆ ವರದಿಯೇ ನನ್ನ ಹಣೆಬರಹ. ಎಷ್ಟು ಹಾಸಿಗೆ ತುಂಬಿದ್ದವು, ಒಬ್ಬ ರೋಗಿ ಸರಾಸರಿ ಎಷ್ಟು ದಿನ ಇದ್ದ, ಇವೆರಡೇ ಅವರಿಗೆ ಬೇಕು. ಸರಾಸರಿ ಕಡಿಮೆಯಾದರೆ "ಯಾಕೆ ಬೇಗ ಕಳಿಸಿದಿರಿ" ಅಂತ ಪತ್ರ. ಹೆಚ್ಚಾದರೆ "ಹಾಸಿಗೆ ಯಾಕೆ ಹಿಡಿದಿಟ್ಟಿರಿ" ಅಂತ ಪತ್ರ. ಹೆರಿಗೆಯಾದವಳು ನಲವತ್ತೆಂಟು ತಾಸು ಇರಬೇಕು ಅಂತ ನಿಯಮ ಇದೆ. ಹೆರಿಗೆ ವಾರ್ಡಿನಲ್ಲಿ ಮಂಚ ಹತ್ತು, ಒಂದೊಂದು ದಿನ ಬಾಣಂತಿಯರು ಹದಿನಾರು. ಒಬ್ಬಳ ತಲೆಯ ಕಡೆ ಇನ್ನೊಬ್ಬಳ ಕಾಲು ಹಾಕಿ ಮಲಗಿಸುತ್ತಾರೆ. ಹಾಗಾಗಿ ಇಪ್ಪತ್ತು ತಾಸಿಗೇ ಹಲವರು ಮನೆ ಸೇರುತ್ತಾರೆ. ನನ್ನ ರಿಜಿಸ್ಟರಿನಲ್ಲಿ ಮಾತ್ರ ಎಲ್ಲರೂ ನಲವತ್ತೆಂಟು ತಾಸು ಇದ್ದಾರೆ. ಇದನ್ನು ಹೇಳಿಕೊಳ್ಳಲು ನಾಚಿಕೆ ಇದೆ, ಆದರೆ ಹೊಸದೇನಲ್ಲ.

ಖಾಲಾ ಸರಸಂಬಾದ ಹೆಣ್ಣುಮಗಳು. ಹದಿನೈದಕ್ಕೆ ಮದುವೆಯಾಗಿ ಚೌಡಾಪುರಕ್ಕೆ ಬಂದಳು. ಗಂಡ ಹತ್ತಿ ಹಿಂಜಿ ಗಾದಿ ತುಂಬುವವ. ಮೂರು ತಾಲೂಕಿನ ಮದುವೆಯ ಗಾದಿ ತುಂಬಿದ ಮನುಷ್ಯ ಕೊನೆಗೆ ಎದೆಯಲ್ಲಿ ಹತ್ತಿಯ ಧೂಳು ತುಂಬಿಕೊಂಡು, ದೊಡ್ಡ ದವಾಖಾನೆಯ ವರಾಂಡದಲ್ಲಿ ನೆಲದ ಮೇಲೆ ಹತ್ತೊಂಬತ್ತು ದಿನ ಮಲಗಿ ಹೋದ. ಅಲ್ಲಿ ಗಾದಿ ಖಾಲಿ ಇರಲಿಲ್ಲ. ಅದಾದ ಮೇಲೆ ಖಾಲಾ ನಮ್ಮಲ್ಲಿ ಆಯಾ ಆಗಿ ಸೇರಿದಳು. ಕಾಯಂ ಅಲ್ಲ, ಏಜೆನ್ಸಿಯ ಮೂಲಕ. ಏಜೆನ್ಸಿಗಳು ಐದು ಬದಲಾದವು, ಖಾಲಾ ಬದಲಾಗಲಿಲ್ಲ. "ನಮ್ಮ ಮನಿಯವ್ರು ಮಂದೀನ್ನ ಮಲಗಸಾಕ ಗಾದಿ ತುಂಬ್ತಿದ್ರು, ನಾ ಮಲಗಿದವರನ್ನ ಎಬ್ಬಸ್ತೇನಿ, ಸರ" ಅನ್ನುತ್ತಿದ್ದಳು. ಹಲ್ಲಿಗೆ ತಂಬಾಕಿನ ಮಿಸ್ರಿ ಹಚ್ಚಿಕೊಂಡು ಅರ್ಧ ಬಾಯಲ್ಲಿ ನಗುತ್ತಿದ್ದಳು.

ಓದು ಬಾರದು. ಮಂಚಗಳಿಗೆ ನಂಬರು ಇದ್ದರೂ ಖಾಲಾನ ಲೆಕ್ಕ ಬೇರೆ. ಕಿಟಕಿದು, ನಳದ್ದು, ಫ್ಯಾನಿಂದು, ಮೂಲ್ಯಾಗಿಂದು. ರೋಗಿಗಳ ಹೆಸರೂ ಅಷ್ಟೇ. ಕಿಟಕಿಯ ಮಂಚದಲ್ಲಿ ಗೊಬ್ಬೂರಿನವಳು ಮಲಗಿದ್ದರೆ ಆಕೆ "ಕಿಟಕಿ ಗೊಬ್ಬೂರ". ಡಾಕ್ಟರು ರೌಂಡಿಗೆ ಬಂದಾಗ "ಏಳನೇ ಬೆಡ್" ಅಂದರೆ ಖಾಲಾ "ನಳದ್ದ್ ಹೌದಲ್ರಿ" ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ತಪ್ಪು ಒಂದು ಸಲವೂ ಆಗಿರಲಿಲ್ಲ. ನಮ್ಮಂಥ ಓದಿದವರಿಗೆ ಆ ಮಾತು ಹೇಳಲು ಬರುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಆ ನಳದ ಮಂಚಕ್ಕೆ ಪಲ್ಲವಿ ಬಂದಳು. ಗೊಬ್ಬೂರಿನ ಕೂಲಿ ಹೆಣ್ಣುಮಗಳು ಚಂದಮ್ಮನ ಮಗಳು, ವಯಸ್ಸು ಇಪ್ಪತ್ತು, ಚೊಚ್ಚಲು. ಗಂಡ ದುಡಿಯಲು ಪುಣೆಗೆ ಹೋಗಿದ್ದ. ಹೆರಿಗೆ ಸಲೀಸಾಯಿತು, ಹೆಣ್ಣು ಕೂಸು. ಆದರೆ ಬಿ.ಪಿ. ಇಳಿಯಲಿಲ್ಲ. "ಮೂರು ದಿನ ಕದಲಿಸಬೇಡಿ, ತಾಸಿಗೊಮ್ಮೆ ನೋಡ್ರಿ" ಅಂತ ಡಾಕ್ಟರು ಸಿಸ್ಟರ್ ಯಶೋಧರಾಗೆ ಹೇಳಿದರು. ಯಶೋಧರಾ ಅದನ್ನು ಖಾಲಾಗೂ ಹೇಳಿದಳು. ಚಂದಮ್ಮನಿಗೆ ಹೇಳಿದಳೋ ಇಲ್ಲವೋ ಆಕೆಗೇ ಈಗ ನೆನಪಿಲ್ಲ. ಆ ದಿನ ವಾರ್ಡಿನಲ್ಲಿ ಹದಿನಾಲ್ಕು ಜನ ಇದ್ದರು.

ಚಂದಮ್ಮನ ಚಿಂತೆ ಬೇರೆ ಇತ್ತು. ಎರಡು ದಿನಕ್ಕೆ ಎಳ್ಳ ಅಮಾಸಿ. ಅಮಾಸಿ ದಿನ ಬಾಣಂತಿಯನ್ನು, ಹಸುಗೂಸನ್ನು ಹಾದಿಗೆ ಇಳಿಸುವ ಹಾಗಿಲ್ಲ. ಮುಂಚೆಯೇ ಮನೆ ಸೇರಬೇಕು, ಇಲ್ಲವಾದರೆ ಅಮಾಸಿ ದಾಟುವವರೆಗೆ ಇಲ್ಲೇ ಬೀಳಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಹೊಲದ ಗೌಡರಿಗೆ ಹಬ್ಬದ ಕಾಳು-ಸೊಪ್ಪಿನ ಭಜ್ಜಿ ಕುದಿಸಿ, ಸಜ್ಜಿ ರೊಟ್ಟಿ ತಟ್ಟಿಕೊಡಲು ಒಪ್ಪಿಕೊಂಡಿದ್ದಾಳೆ. ಹೆರಿಗೆಯಾದ ಸಂಜೆಯಿಂದಲೇ ಎದುರಿಗೆ ಬಂದ ಬಿಳಿ ಅಂಗಿಯವರನ್ನೆಲ್ಲ "ನಮ್ದೇನ್ರಿ?" ಅಂತ ಕೇಳುತ್ತಿದ್ದಳು. ನನ್ನನ್ನೂ ಕೇಳಿದಳು. ನಾನು "ಸಿಸ್ಟರ್ನ ಕೇಳ್ರಿ" ಅಂದೆ. ಅದು ನನ್ನ ಕಾಯಂ ಉತ್ತರ.

ಮರುದಿನ ಬೆಳಗ್ಗೆ ಯಾರೋ ದೊಡ್ಡ ಮನುಷ್ಯರು ತೀರಿಕೊಂಡರು ಅಂತ ಸರಕಾರ ಒಮ್ಮೆಲೇ ರಜೆ ಸಾರಿತು. ಹೊರರೋಗಿಗಳ ಬಾಗಿಲು ಹಾಕಿದರು. ದೊಡ್ಡ ಡಾಕ್ಟರು ಬರಲಿಲ್ಲ. ಡ್ಯೂಟಿಯ ಮೇಲೆ ಒಬ್ಬರೇ ಡಾಕ್ಟರು, ಅವರೂ ಹೆರಿಗೆ ಕೋಣೆಯಲ್ಲಿ ಯಶೋಧರಾ ಜೊತೆ ಸಿಕ್ಕಿಕೊಂಡಿದ್ದರು. ಇನ್ನೊಬ್ಬ ಆಯಾ ಬಂದಿರಲಿಲ್ಲ. ಹಿಂದಿನ ದಿನ ಬೆಳಗ್ಗೆ ಬಂದ ಖಾಲಾ ಮನೆಗೇ ಹೋಗದೆ ನೆಲ ಒರೆಸುತ್ತಿದ್ದಳು. ಆಗ ಚಂದಮ್ಮ ಮತ್ತೆ ಕೇಳಿದಳು.

"ನಮ್ದೇನ್ರಿ ಖಾಲಾ ಇವತ್ತ?"

ಖಾಲಾ ತಲೆ ಎತ್ತಲಿಲ್ಲ. "ಇವತ್ತ ಛುಟ್ಟಿ ಅದ ಬೇ" ಅಂದಳು.

ನಮ್ಮ ಕಡೆ ಶಾಲೆಗೆ ರಜೆ ಬಿದ್ದರೂ ಛುಟ್ಟಿ, ದವಾಖಾನೆಯಿಂದ ಮನೆಗೆ ಕಳಿಸಿದರೂ ಛುಟ್ಟಿ. ಖಾಲಾ ಹೇಳಿದ್ದು ಸರಕಾರಕ್ಕೆ ಬಿದ್ದ ಛುಟ್ಟಿ. ಡಾಕ್ಟರು ಬರುವುದಿಲ್ಲ, ನಾಳೆ ಕೇಳು ಅಂತ ಅರ್ಥ. ಚಂದಮ್ಮ ಕೇಳಿಸಿಕೊಂಡದ್ದು ತನ್ನ ಛುಟ್ಟಿ. ಹಿಂದಿನ ಸಂಜೆಯಿಂದ ಆ ಮಾತಿಗಾಗಿಯೇ ಕಿವಿ ತೆರೆದು ಕೂತವಳು. ಎರಡೂ ಕೈ ಜೋಡಿಸಿ, ಹಣೆಗೆ ಮುಟ್ಟಿಸಿಕೊಂಡು ಹೋದಳಂತೆ. ಖಾಲಾ ಅದನ್ನೂ ನೋಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಇಲ್ಲಿ ಆಡಿದವಳಿಗೇ ಆಡಿದ್ದು ಗೊತ್ತಾಗಲಿಲ್ಲ.

ನಾನು ರಜೆಯಿದ್ದರೂ ಬಂದಿದ್ದೆ. ತಿಂಗಳ ವರದಿ ಬಾಕಿ ಇತ್ತು. ಹನ್ನೆರಡು ಗಂಟೆಗೆ ಹಾಸಿಗೆ ಎಣಿಸಲು ಹೆರಿಗೆ ವಾರ್ಡಿಗೆ ಹೋದರೆ ಏಳನೇ ಮಂಚದಲ್ಲಿ ಬೇರೆ ಹೆಣ್ಣುಮಗಳು. ಈಗಷ್ಟೇ ಹೆರಿಗೆ ಕೋಣೆಯಿಂದ ಬಂದು ಕಣ್ಣು ಮುಚ್ಚಿ ಮಲಗಿದ್ದಾಳೆ. ಯಶೋಧರಾ ಕೈ ತೊಳೆದುಕೊಂಡು ಹೊರಗೆ ಬಂದಳು.

"ಪಲ್ಲವಿ ಎಲ್ಲಿ?" ಅಂದಳು.

"ನಳದ್ದಾ?" ಅಂದಳು ಖಾಲಾ. "ಇಲ್ಲೇ ಇದ್ದಳಲ್ರಿ. ಖಾಲಿ ಇತ್ತಂತ ನಾನs ಈಕೀನ್ನ ಮಲಗಿಸಿನಿ. ಅವರವ್ವ ಮಾರಿ ತೊಳಸಾಕ ಕರಕೊಂಡು ಹೋಗ್ಯಾಳ ಅಂತ ಮಾಡಿದ್ದೆ."

ಮಂಚದ ಕೆಳಗೆ ರೊಟ್ಟಿ ಗಂಟು ಇರಲಿಲ್ಲ. ಬಸುರಿಯ ತಪಾಸಣೆ ಬರೆಯುವ ತಾಯಿ ಕಾರ್ಡೂ ಇರಲಿಲ್ಲ. ಪಕ್ಕದ ಮಂಚದ ಮುದುಕಿ ಹೇಳಿದಳು: "ನೀವs ಛುಟ್ಟಿ ಅಂದ್ರಲ್ಲ ಖಾಲಾ. ಹತ್ತಕ್ಕs ಹೋದ್ರು, ಅವರೂರ ದಶರಥನ ಆಟೋದಾಗ."

ಖಾಲಾ ಒರೆಸುವ ಕೋಲು ಹಿಡಿದುಕೊಂಡೇ ನೆಲಕ್ಕೆ ಕೂತಳು. ನೋಯುವ ಮೊಣಕಾಲು ಮಡಚಲು ಆಕೆಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅದನ್ನೂ ಮರೆತು ಕೂತಳು.

ರಿಜಿಸ್ಟರಿನಲ್ಲಿದ್ದ ಒಂದೇ ನಂಬರು ಪುಣೆಯ ಗಂಡನದು, ಅದು ಬಂದ್ ಇತ್ತು. ಆಂಬ್ಯುಲೆನ್ಸು ಬೆಳಗ್ಗೆಯೇ ಇನ್ನೊಬ್ಬರನ್ನು ಕಲಬುರಗಿಗೆ ಒಯ್ದಿತ್ತು. ಯಶೋಧರಾ ವಾರ್ಡಿನ ಚಾರ್ಟು ನೋಡಿ, "ಬೆಳಗ್ಗಿನ ಬಿ.ಪಿ. ನೂರಾ ಅರವತ್ತರ ಮ್ಯಾಲೆ ಇತ್ರಿ. ಮನ್ಯಾಗ ಝಟಕಾ, ಫಿಟ್ಸು ಬಂದ್ರ ಉಳಿಯೂದಿಲ್ಲ" ಅಂದಳು. ಆಗ ನಾನು ಮಾಡಿದ ಕೆಲಸವನ್ನು ಹೇಳಲೇಬೇಕು. ನಾನು ರಿಜಿಸ್ಟರು ತೆಗೆದೆ. ಇಂಥ ಹೊತ್ತಿಗೆ ಬರೆಯುವ ಸಾಲು ಒಂದಿದೆ: "ಹೇಳದೆ ಕೇಳದೆ ಸ್ವಂತ ಇಚ್ಛೆಯಿಂದ ಹೋದರು." ವರ್ಷಕ್ಕೆ ನಲವತ್ತು ಸಲ ಬರೆಯುತ್ತೇನೆ. ಅದನ್ನು ಬರೆದರೆ ಡಾಕ್ಟರು ಪಾರು, ಸಿಸ್ಟರು ಪಾರು, ಖಾಲಾನೂ ಪಾರು. ಪಲ್ಲವಿ ಒಬ್ಬಳು ಪಾರಾಗುವುದಿಲ್ಲ, ಅಷ್ಟೇ.

"ಏನ್ ಬರ್ಯಾಕತ್ತೀರಿ?" ಅಂದಳು ಖಾಲಾ ನೆಲದಿಂದಲೇ.

ಹೇಳಿದೆ.

"ಇಚ್ಛಾದಿಂದ ಎಲ್ಲಿ ಹೋದಳ್ರಿ ಆಕಿ. ನನ್ನ ಮಾತ ಕೇಳಿ ಹೋದಳು. ಹಂಗ ಬರೀರಿ."

"ಖಾಲಾ, ಹಂಗ ಬರದ್ರ ಏಜೆನ್ಸಿಯವ್ರು ನಿಮ್ಮನ್ನ ಇಟ್ಕೊಳ್ಳಂಗಿಲ್ಲ."

"ಬರ್ಯೂದು ಆಮ್ಯಾಲ ಬರೀರಿ. ಮೊದಲ ಗಾಡಿ ತಗೀರಿ. ಗೊಬ್ಬೂರಿಗೆ ಹೋಗೂಣು."

ನನಗೆ ಹೋಗುವ ಮನಸ್ಸಿರಲಿಲ್ಲ. ಅದು ನನ್ನ ಕೆಲಸವಲ್ಲ, ಸೊಂಟ ನೋವು, ವರದಿ ಬಾಕಿ, ಎಲ್ಲ ನೆಪವೂ ಬಾಯಿಯವರೆಗೆ ಬಂದವು. ಆದರೆ ಖಾಲಾ ಆಗಲೇ ಗೋಡೆ ಹಿಡಿದು ಎದ್ದು, ಬುರ್ಕಾ ಹಾಕಿಕೊಳ್ಳದೆ ಸೆರಗನ್ನೇ ತಲೆಗೆ ಸುತ್ತಿಕೊಂಡು ಬಾಗಿಲಲ್ಲಿದ್ದಳು. ಯಶೋಧರಾ ಬಿ.ಪಿ. ಯಂತ್ರವನ್ನು ನನ್ನ ಚೀಲಕ್ಕೆ ಹಾಕಿದಳು.

ಹನ್ನೆರಡು ಕಿಲೋಮೀಟರು. ಕಬ್ಬಿನ ಟ್ರ್ಯಾಕ್ಟರುಗಳ ಕಾಲ. ಎರಡೆರಡು ಟ್ರೇಲರು ಕಟ್ಟಿಕೊಂಡು ರಸ್ತೆಯ ತುಂಬ ತೂಗಾಡುತ್ತ ಹೋಗುತ್ತಿದ್ದವು, ಒಂದೂ ದಾರಿ ಬಿಡುತ್ತಿರಲಿಲ್ಲ. ಖಾಲಾ ಒಂದೇ ಕಡೆ ಕಾಲು ಇಳಿಬಿಟ್ಟು, ನನ್ನ ಅಂಗಿಯ ಹಿಂಭಾಗ ಗಟ್ಟಿ ಹಿಡಿದು ಕೂತಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು. "ತಲಿ ಎತ್ತಿದ್ರ ಆಗ್ತಿತ್ತು ಸರ. ಬರೇ ತಲಿ ಎತ್ತಿ ಮಾರಿ ನೋಡಿದ್ರ ಆಗ್ತಿತ್ತು." ಇಪ್ಪತ್ತನಾಲ್ಕು ತಾಸು ನಿಂತ ಹೆಂಗಸು ತಲೆ ಎತ್ತಲಿಲ್ಲ ಅಂತ ಬಯ್ಯಲೇ? ಗಾಡಿ ಜೋರು ಮಾಡಿದೆ.

ಚಂದಮ್ಮನ ಮನೆಯ ಅಂಗಳದಲ್ಲಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಮೊರದಲ್ಲಿ ಭಜ್ಜಿಗೆ ಹಸಿ ಕಡಲೆ, ಅವರೆ, ಮೆಂತ್ಯೆ ಸೊಪ್ಪು ಸೋಸಿ ಇಟ್ಟಿದ್ದಳು. ನಮ್ಮನ್ನು ಕಂಡು ಆಕೆಗೆ ಖುಷಿಯಾಯಿತು. ಖಾಲಾ ಕೂಸು ನೋಡಲು ಮನೆವರೆಗೆ ಬಂದಳು ಅಂತ ತಿಳಿದಳು.

"ಹುಡುಗಿ ಎಲ್ಲದಾಳ?" ಅಂದಳು ಖಾಲಾ.

ಪಲ್ಲವಿ ಒಳಗೆ ಕತ್ತಲಲ್ಲಿ ಕಣ್ಣಿನ ಮೇಲೆ ತೋಳಿಟ್ಟುಕೊಂಡು ಮಲಗಿದ್ದಳು. ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಮಬ್ಬು ಕವಿದಿದೆ ಅಂದಳು. ಆಟೋದ ಗಾಳಿ ಹೊಕ್ಕಿದೆ ಅಂತ ತಾಯಿ ಕಿವಿಗೆ ಅರಳೆ ತುರುಕಿದ್ದಳು. ಖಾಲಾ ಆಕೆಯ ಕಾಲಿನ ಮೇಲೆ ಬೆರಳು ಒತ್ತಿ ತೆಗೆದಳು. ಕುಳಿ ಹಾಗೆಯೇ ಉಳಿಯಿತು. ನಾನು ಯಂತ್ರ ಕಟ್ಟಿದೆ. ನೂರಾ ಎಂಬತ್ತಾರು ತೋರಿಸಿತು.

"ಏಳವ್ವ, ವಾಪಸ್ ಹೋಗೂಣು" ಅಂದಳು ಖಾಲಾ.

ಚಂದಮ್ಮ ಹೊಸ್ತಿಲಲ್ಲಿ ಅಡ್ಡ ನಿಂತಳು. "ನಾಳಿಗೆ ಅಮಾಸಿ ಅದ ಖಾಲಾ. ಒಳಗ ಬಂದ ಬಾಣಂತಿನ್ನ ಅಮಾಸಿ ಎದುರಿಗೆ ಹೊಸ್ತಿಲ ದಾಟಸ್ತಾರೇನ್ರಿ? ನೀವs ಛುಟ್ಟಿ ಅಂದ್ರಿ. ನಿಮ್ಮ ಮಾತಿಗೆ ನಾ ಕರಕೊಂಡ ಬಂದೀನಿ."

ಇಲ್ಲಿ ಖಾಲಾ ದಬಾಯಿಸುತ್ತಾಳೆ ಅಂದುಕೊಂಡೆ. ವಾರ್ಡಿನಲ್ಲಿ ಹಾಗೆಯೇ ಮಾಡುತ್ತಿದ್ದಳು. ಆದರೆ ಆಕೆ ಚಂದಮ್ಮನ ಎರಡೂ ಕೈ ಹಿಡಿದುಕೊಂಡಳು.

"ನಾ ಹೇಳಿದ್ದು ಸರಕಾರದ ಛುಟ್ಟಿ, ಅವ್ವಾ. ನಿನ್ನ ಮಗಳದಲ್ಲ. ತಪ್ಪು ನಂದು. ನಿನ್ನ ಮಗಳಿಗೆ ಝಟಕಾ ಬರೂದದ, ಇವತ್ತs ಬರೂದದ. ನಾ ಇಪ್ಪತ್ತೆರಡ ವರ್ಷ ನೋಡೀನಿ. ಅಮಾಸಿ ದೋಷ ಏನಾರ ಇದ್ರ ನನ್ನ ತಲಿ ಮ್ಯಾಲಿರ್ಲಿ. ಬಿಡು ಹಾದಿ."

ಚಂದಮ್ಮ ಆಕೆಯ ಮುಖವನ್ನೇ ನೋಡಿದಳು. ಆಮೇಲೆ ಒಲೆಯ ಕಟ್ಟಿಗೆ ಹಿರಿದು ನೀರು ಸುರಿದಳು, ದಶರಥನನ್ನು ಕೂಗಿದಳು.

ಆಟೋದಲ್ಲಿ ಪಲ್ಲವಿಯ ತಲೆ ಖಾಲಾನ ತೊಡೆಯ ಮೇಲಿತ್ತು, ಕೂಸು ಚಂದಮ್ಮನ ಮಡಿಲಲ್ಲಿತ್ತು. ನಾನು ಮುಂದೆ ಬೈಕಿನ ಮೇಲೆ, ಹಾರ್ನ್ ಒತ್ತುತ್ತ, ಟ್ರ್ಯಾಕ್ಟರಿನವರಿಗೆ ಬಯ್ಯುತ್ತ. ಜೀವನದಲ್ಲಿ ಅಷ್ಟು ಬೈದಿಲ್ಲ. ದವಾಖಾನೆಯ ಗೇಟಿನಲ್ಲೇ ಮೊದಲ ಝಟಕಾ ಬಂತು. ಉಸಿರು ಕಟ್ಟದಂತೆ ಖಾಲಾ ಆಕೆಯನ್ನು ಮಗ್ಗುಲಿಗೆ ತಿರುಗಿಸಿ ಹಿಡಿದಿದ್ದಳು. ಗೊಬ್ಬೂರಿನಿಂದಲೇ ನಾನು ಫೋನು ಮಾಡಿದ್ದೆ, ಯಶೋಧರಾ ಇಂಜೆಕ್ಷನ್ ತುಂಬಿಕೊಂಡು ಮೆಟ್ಟಿಲ ಮೇಲೆಯೇ ಕಾಯುತ್ತಿದ್ದಳು. ನಳದ ಮಂಚ ಖಾಲಿ ಇರಲಿಲ್ಲ, ಯಾವುದೂ ಇರಲಿಲ್ಲ. ಹಳೆಯ ರಿಜಿಸ್ಟರುಗಳು ಮಲಗಿದ್ದ ಮಂಚವನ್ನು ನಾನೇ ಖಾಲಿ ಮಾಡಿದೆ. ಹದಿನೆಂಟು ವರ್ಷದ ದಾಖಲೆ ನೆಲಕ್ಕೆ ಬಿತ್ತು, ಯಾರೂ ಕೇಳಲಿಲ್ಲ.

ಪಲ್ಲವಿ ಉಳಿದಳು. ಎರಡನೇ ಝಟಕಾ ಬರಲಿಲ್ಲ.

ಸಂಜೆ ಖಾಲಾ ನನ್ನ ಕೋಣೆಗೆ ಬಂದು, "ಈಗ ಬರೀರಿ" ಅಂದಳು. ನಾನು ಇನ್ನೊಮ್ಮೆ ಯೋಚಿಸಲು ಹೇಳಿದೆ. ಹುಡುಗಿ ಉಳಿದಿದ್ದಾಳೆ, ಯಾರೂ ದೂರು ಕೊಟ್ಟಿಲ್ಲ, ಬಿಟ್ಟುಬಿಡೋಣ ಅಂದೆ. "ನಾಳೆ ಇನ್ನೊಬ್ಬಾಕಿ ಹಿಂಗs ಹೋದ್ರ? ಹೆಂಗ ಹೋದಳಂತ ಬರದಿದ್ರ ಯಾರಿಗೆ ತಿಳೀತದ?" ಅಂದಳು. ಓದು ಬಾರದವಳು ರಿಜಿಸ್ಟರು ಯಾತಕ್ಕೆ ಅಂತ ನನಗೆ ಹೇಳಿಕೊಟ್ಟಳು. ಬರೆದೆ. ಆಕೆ ಹೆಬ್ಬೆಟ್ಟು ಒತ್ತಿದಳು.

ಆ ಪುಟದ ನಕಲಿನ ಜೊತೆ ತಿಂಗಳ ವರದಿ ಹೋಯಿತು. ಅದರಲ್ಲಿ ಪಲ್ಲವಿ ಇಬ್ಬರು ರೋಗಿಗಳಾದಳು, ಒಮ್ಮೆ ಹೋದವಳು, ಒಮ್ಮೆ ಹೊಸದಾಗಿ ಬಂದವಳು. ರೋಗಿಗಳ ಸಂಖ್ಯೆ ಏರಿತು, ಹಾಸಿಗೆ ಬಳಕೆ ಏರಿತು. ಮೇಲಿನ ಕಚೇರಿಯಿಂದ ಆ ತಿಂಗಳು "ಸುಧಾರಣೆ ಕಂಡಿದೆ" ಅಂತ ಪತ್ರ ಬಂತು. ಓದಿ ಮಡಚಿ ಡ್ರಾವರಿನಲ್ಲಿಟ್ಟೆ. ನಗಲೂ ಆಗಲಿಲ್ಲ, ಬಯ್ಯಲೂ ಆಗಲಿಲ್ಲ.

ಪಲ್ಲವಿ ಒಂಬತ್ತು ದಿನ ಇದ್ದಳು. ಹತ್ತನೆಯ ದಿನ ಕಾರ್ಡು ಕೈಗೆ ಬಂದರೂ ಚಂದಮ್ಮ ಏಳಲಿಲ್ಲ, ಖಾಲಾನನ್ನು ಕಾಯುತ್ತ ಕೂತಳು. ಖಾಲಾ ಬಂದು ನಿಂತಳು. ಆ ದಿನದಿಂದ ಆಕೆ ಛುಟ್ಟಿ ಅನ್ನುವ ಮಾತನ್ನು ವಾರ್ಡಿನಲ್ಲಿ ಆಡಿರಲಿಲ್ಲ. ಕಾರ್ಡನ್ನು ಯಶೋಧರಾಗೆ ತೋರಿಸಿ, ಓದಿಸಿಕೊಂಡು, ಚಂದಮ್ಮನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಡಾಕ್ಟರು ಬರದಾರ, ಸಿಸ್ಟರು ಓದ್ಯಾರ. ನೀ ನಿನ್ನ ಮಗಳನ್ನ ಕರಕೊಂಡು ನಿನ್ನ ಮನಿಗೆ ಹೋಗು. ಏನಂದೆ, ಹೇಳು ನೋಡೂಣು." ಚಂದಮ್ಮ ತಿರುಗಿ ಹೇಳಿದಳು. ಅಲ್ಲಿಂದ ಮುಂದೆ ಎಲ್ಲರಿಗೂ ಹಾಗೆಯೇ. ಒಬ್ಬೊಬ್ಬರಿಗೆ ಐದು ನಿಮಿಷ ಹಿಡಿಯುತ್ತದೆ ಅಂತ ಡಾಕ್ಟರು ಗೊಣಗುತ್ತಿದ್ದರು.

ಮಾರ್ಚಿನಲ್ಲಿ ಏಜೆನ್ಸಿಯವರು ಹೊಸ ಆರ್ಥಿಕ ವರ್ಷದ ಹೆಸರಿನ ಪಟ್ಟಿ ಕಳಿಸಿದರು. ನಾನು ಎರಡು ಸಲ ಓದಿದೆ. ಖುರ್ಷಿದ ಹೆಸರು ಇರಲಿಲ್ಲ. ಕೆಳಗೆ ಕೈಬಿಟ್ಟವರ ಸಾಲಿನಲ್ಲಿ ಅದಿತ್ತು, ಕಾರಣವಾಗಿ ನನ್ನದೇ ರಿಜಿಸ್ಟರಿನ ಪುಟ ಸಂಖ್ಯೆ ಹಾಕಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಸಿಗೆ ಹತ್ತು, ಬಾಣಂತಿಯರು ಹದಿನಾರು, ಇಪ್ಪತ್ತನಾಲ್ಕು ತಾಸಿನ ಡ್ಯೂಟಿ, ಇವಕ್ಕೆಲ್ಲ ಪುಟ ಸಂಖ್ಯೆ ಇಲ್ಲ. ನಾನು ಇಪ್ಪತ್ತು ವರ್ಷದಲ್ಲಿ ಬರೆದ ಒಂದೇ ಒಂದು ನಿಜವಾದ ಸಾಲು ಆಕೆಯ ಅನ್ನ ತಿಂದಿತು. ಮೇಲಿನವರಿಗೆ ಒಂದು ಅರ್ಜಿ ಬರೆದೆ, ಯಶೋಧರಾನೂ ಸಹಿ ಮಾಡಿದಳು. ಉತ್ತರ ಬರಲಿಲ್ಲ.

ತಿಂಗಳ ಕೊನೆಯ ದಿನದವರೆಗೂ ನಾನು ಹೇಳಲಿಲ್ಲ. ಆ ದಿನ ಮಧ್ಯಾಹ್ನ ಖಾಲಾ ನೆಲ ಒರೆಸುತ್ತ ನನ್ನ ಕೋಣೆಯವರೆಗೆ ಬಂದಳು. ಪಟ್ಟಿ ಬಂದಿರುವುದು ಎಲ್ಲರಿಗೂ ಗೊತ್ತಿತ್ತು. ನಾನು ಕಾಗದಗಳ ಮೇಲೆ ತಲೆ ಬಗ್ಗಿಸಿದೆ.

"ನಮ್ದೇನ್ರಿ ಸರ?" ಅಂದಳು.

ಬಾಯಿಗೆ ಬಂದದ್ದು ಹಳೆಯ ಉತ್ತರವೇ, ಸಿಸ್ಟರ್ನ ಕೇಳ್ರಿ ಅಂತ. ನುಂಗಿಕೊಂಡೆ. ತಲೆ ಎತ್ತಿ ಆಕೆಯ ಮುಖ ನೋಡಿದೆ. ಅಷ್ಟನ್ನಾದರೂ ಮಾಡಬೇಕಿತ್ತು.

ಖಾಲಾ ಬಕೆಟ್ಟು ಕೆಳಗಿಟ್ಟಳು. "ಛುಟ್ಟಿ ಏನ್ರಿ?" ಅಂದಳು. ಮೂರು ತಿಂಗಳ ಮೇಲೆ ಆ ಮಾತು ಆಕೆಯ ಬಾಯಲ್ಲಿ ಬಂದಿತ್ತು. "ಹೇಳ್ರಿ ಸರ. ಯಾವ ಛುಟ್ಟಿ ಅಂತ ನಾ ಕೇಳಂಗಿಲ್ಲ."

"ಹೌದ್ರಿ ಖಾಲಾ" ಅಂದೆ.

ಆಕೆ ತಲೆಯಾಡಿಸಿದಳು. ಕೋಲನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ಹೆರಿಗೆ ವಾರ್ಡಿನ ಅರ್ಧ ಇನ್ನೂ ಉಳಿದಿತ್ತು, ಒರೆಸಲು ಹೋದಳು.